ಅಪ್ಪನಿಗೆ ಯುದ್ಧವಿಮಾನ ಎಲ್ಲಿಂದ ತೋರಿಸಲಿ? ನೋಡಿದವರು ಹೇಳಿ

ಶಿಡ್ಲಘಟ್ಟದಿಂದ, ಜನವರಿ 2025

ನಮ್ಮ ತಂದೆಗೆ 81 ವರ್ಷ. ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನ ಎಂಜಿನ್ ವಿಭಾಗದಲ್ಲಿ ಮೂವತ್ತೈದು ವರ್ಷ ಫಿಟ್ಟರ್ ಆಗಿ ದುಡಿದು, ನಿವೃತ್ತರಾದ ಮೇಲೆ ಊರಿಗೆ ಬಂದು ನೆಲೆಸಿದ್ದಾರೆ. ಗ್ಲಾಕೋಮಾದಿಂದ ಎಡಗಣ್ಣು ಪೂರ್ತಿ ಹೋಗಿದೆ. ಬಲಗಣ್ಣಿಗೆ ಬೆಳಕು, ನೆರಳು, ದೊಡ್ಡ ಆಕಾರಗಳಷ್ಟೇ ತಿಳಿಯುತ್ತವೆ. ಕಿವಿ ಮಾತ್ರ ಇವತ್ತಿಗೂ ಚುರುಕು. ಬೀದಿಯಲ್ಲಿ ಹೋಗುವ ಟ್ರ್ಯಾಕ್ಟರ್ ಸದ್ದು ಕೇಳಿಯೇ ಅದರಲ್ಲಿ ಏನು ಕೆಟ್ಟಿದೆ ಎಂದು ಹೇಳುತ್ತಾರೆ.

ಕಳೆದ ವಾರ ಊಟಕ್ಕೆ ಕುಳಿತಾಗ, “ಜೆಟ್ ಸದ್ದು ಹತ್ತಿರದಿಂದ ಕೇಳಿ ಎಷ್ಟೋ ವರ್ಷವಾಯಿತಮ್ಮ” ಎಂದರು. ಅವರು ಏನನ್ನೂ ಬಾಯಿಬಿಟ್ಟು ಕೇಳುವವರಲ್ಲ. ಆ ಮಾತು ನನ್ನ ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಮುಂದಿನ ತಿಂಗಳು 10ರಿಂದ 14ರವರೆಗೆ ಯಲಹಂಕದಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ಇದೆ. ಆದರೆ ಮಂಡಿನೋವಿನ ಅಪ್ಪನನ್ನು ಬಿಸಿಲಿನಲ್ಲಿ ಗಂಟೆಗಟ್ಟಲೆ ನಡೆಸಲು, ನಿಲ್ಲಿಸಲು ನನ್ನಿಂದಾಗದು. ನಂದಿಬೆಟ್ಟಕ್ಕೆ ಕಾರಿನಲ್ಲಿ ಕರೆದುಕೊಂಡು ಹೋದರೆ ಆಗುತ್ತದೆಯೇ? ನಮ್ಮ ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಜಿಲ್ಲೆಗಳ ಕಡೆಯವರು ವಾಯುಪಡೆಯ ವಿಮಾನ ಹಾರುವುದನ್ನು ಎಲ್ಲಿ, ಹೇಗೆ ನೋಡಿದಿರಿ ಎಂದು ದಯವಿಟ್ಟು ತಿಳಿಸಿ.

ನಂದಿ ತಪ್ಪಲಿನ ದ್ರಾಕ್ಷಿ ಬೆಳೆಗಾರ

ತಂಗಿ, ಬೆಟ್ಟಕ್ಕೆ ಮಾತ್ರ ಹೋಗಬೇಡಿ. ಆ ಆಸೆಯಲ್ಲಿ ನಾನೇ ಒಂದು ದಿನ ಕಳೆದಿದ್ದೇನೆ. 2021ರಲ್ಲಿ ಅಮೆರಿಕದ ಬಿ-1ಬಿ ಬಾಂಬರ್ ಯಲಹಂಕದ ಮೇಲೆ ಹಾರುತ್ತದೆ ಎಂದು ಕೇಳಿ, 1478 ಮೀಟರ್ ಎತ್ತರದಿಂದ ಕಾಣದೆ ಎಲ್ಲಿ ಹೋದೀತು ಎಂದು ಮಕ್ಕಳನ್ನು ಕರೆದುಕೊಂಡು ಹತ್ತಿದೆ. ಬೆಟ್ಟದಿಂದ ಯಲಹಂಕ ವಾಯುನೆಲೆಗೆ ನೇರ ಗೆರೆ ಎಳೆದರೂ 25 ಕಿ.ಮೀ.ಗಿಂತ ಹೆಚ್ಚು. ಬೆಳಗಿನ ಮಂಜು ಕರಗಿದ ಮೇಲೆ ದಕ್ಷಿಣದಲ್ಲಿ ಉಳಿದದ್ದು ಬೂದುಬಣ್ಣದ ಮಬ್ಬು. ದುರ್ಬೀನಿನಲ್ಲಿ ಎಳ್ಳುಕಾಳಿನಂಥ ಒಂದು ಚುಕ್ಕೆ ಸರಿದು ಹೋಯಿತು. ಅದೇ ಬಾಂಬರ್ ಎಂದು ಮಗನಿಗೆ ಹೇಳಿದೆ, ನನಗೂ ಖಾತ್ರಿ ಇರಲಿಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಅಷ್ಟು ದೂರದಿಂದ ಬರಲು ಒಂದು ನಿಮಿಷಕ್ಕೂ ಹೆಚ್ಚು ಬೇಕು, ಬರುವಷ್ಟರಲ್ಲಿ ಗಾಳಿಯ ಸದ್ದಿನಲ್ಲಿ ಕರಗಿ ಹೋಗಿರುತ್ತದೆ. ಕಿವಿಯಿಂದ ನೋಡಬೇಕಾದವರಿಗೆ ಬೆಟ್ಟದ ಮೇಲೆ ಏನೂ ಸಿಗುವುದಿಲ್ಲ.

ನನಗೆ ಮರೆಯಲಾಗದ ನೋಟ ಸಿಕ್ಕಿದ್ದು ತೋಟದಲ್ಲಿ. ಚಪ್ಪರದ ಕೆಳಗೆ ಗೊಂಚಲು ಬಿಡಿಸುತ್ತಿದ್ದೆ. ಮೊದಲು ಎಲೆಗಳ ನಡುವಿನ ಬಿಸಿಲಿನ ಚುಕ್ಕೆಗಳೆಲ್ಲ ಒಮ್ಮೆಗೇ ಆರಿದವು, ಮತ್ತೆ ಹೊತ್ತಿಕೊಂಡವು. ಆಮೇಲೆ ಸದ್ದು. ಹೊರಗೆ ಓಡಿ ಬಂದು ನೋಡಿದರೆ ವಾಯುಪಡೆಯ ಸಾಗಣೆ ವಿಮಾನ ಎಎನ್-32, ರೆಕ್ಕೆಯ ಮೇಲೆ ಎತ್ತರದಲ್ಲಿ ಕೂರಿಸಿದ ಎರಡು ದೊಡ್ಡ ಪ್ರೊಪೆಲರ್‌ಗಳು, ಹೊಟ್ಟೆಯ ಕೆಳಗಿನ ಎಣ್ಣೆಯ ಕಲೆ ಕೂಡ ಕಾಣುವಷ್ಟು ಕೆಳಗೆ ಹೋಗುತ್ತಿತ್ತು. ಸಾಗಣೆ ವಿಮಾನಗಳ ಪೈಲಟ್‌ಗಳಿಗೆ ಯಲಹಂಕದಲ್ಲೇ ತರಬೇತಿ. ಹಾಗಾಗಿ ಪ್ರದರ್ಶನ ಇಲ್ಲದ ದಿನಗಳಲ್ಲೂ ಆ ಸುತ್ತ ಇವು ತಿರುಗುತ್ತಲೇ ಇರುತ್ತವೆ.

ಮಾಲೂರಿನಿಂದ

ನಾನು ಹೇಳುವುದು ಕಣ್ಣಿಗೆ ಕಾಣದ ವಿಮಾನದ ವಿಷಯ, ಆದರೂ ನಿಮ್ಮ ತಂದೆಯವರಿಗೆ ಸಲ್ಲುತ್ತದೆ ಅನ್ನಿಸಿತು. 2020ರ ಮೇ 20, ಲಾಕ್‌ಡೌನ್ ಕಾಲ, ಮಧ್ಯಾಹ್ನ. ಹಾಸಿಗೆ ಹಿಡಿದಿದ್ದ ಅಮ್ಮನಿಗೆ ಗಂಜಿ ಕುಡಿಸುತ್ತಿದ್ದೆ. ಧಡ್ ಎಂದು ಒಂದು ಸದ್ದು, ಅದರ ಬೆನ್ನಿಗೇ ಕಿಟಕಿಯ ಗಾಜು ಗಡಗಡ ಎಂದಿತು. ಟೇಕಲ್ ಕಡೆ ಬಂಡೆ ಸಿಡಿಸಿರಬೇಕು ಎಂದುಕೊಂಡೆ. ಅಮ್ಮ ಮಾತ್ರ, “ಬಂಡೆಯಾದರೆ ನೆಲದಿಂದ ಬರುತ್ತದೆ, ಇದು ಮೇಲಿನಿಂದ ಬಂತು” ಎಂದರು.

ಅವರು ಹೇಳಿದ್ದೇ ಸರಿಯಾಯಿತು. ವಾಯುಪಡೆಯ ವಿಮಾನವೊಂದು ಪರೀಕ್ಷಾ ಹಾರಾಟದಲ್ಲಿ ಶಬ್ದದ ವೇಗ ಮೀರಿ ಹೋಗಿ, 36 ಸಾವಿರದಿಂದ 40 ಸಾವಿರ ಅಡಿ ಎತ್ತರದಲ್ಲಿ ವೇಗ ಇಳಿಸುವಾಗ ಆದ ಸದ್ದು ಅದಾಗಿರಬೇಕು ಎಂದು ರಕ್ಷಣಾ ಇಲಾಖೆ ತಿಳಿಸಿತು. ನಗರದಿಂದ ಹೊರಗೆ ಹಾರಿದ್ದರೂ ಬೆಂಗಳೂರು ಪೂರ್ತಿ ಬೆಚ್ಚಿಬಿದ್ದಿತ್ತು. ಅಮ್ಮ ಆಮೇಲೆ ಏಳಲಿಲ್ಲ, ಆ ವರ್ಷವೇ ತೀರಿಕೊಂಡರು. ಆದರೆ ಬಂದು ಹೋದವರಿಗೆಲ್ಲ, “ನಾನು ಮಲಗಿದ್ದಲ್ಲೇ ಕಂಡುಹಿಡಿದೆ” ಎಂದು ಕೊನೆಯವರೆಗೂ ಹೇಳಿಕೊಂಡರು. ಕಣ್ಣು ಕಾಣದು ಎಂದು ಹಿಂಜರಿಯಬೇಡಿ, ಕರೆದುಕೊಂಡು ಹೋಗಿ.

ಚಿಂತಾಮಣಿಯಿಂದ, ವಾಯುಪಡೆಯ ನಿವೃತ್ತ ತಂತ್ರಜ್ಞ

ಅಮ್ಮಾ, ನಿಮ್ಮ ತಂದೆ ಎಂಜಿನ್ ವಿಭಾಗದಲ್ಲಿದ್ದರು ಎಂದು ಓದಿದ ಮೇಲೆ ಬರೆಯದೆ ಇರಲು ಆಗಲಿಲ್ಲ. ಅವರ ಕಾಲದಲ್ಲಿ ಅಲ್ಲಿ ತಯಾರಾಗುತ್ತಿದ್ದದ್ದು ಆರ್ಫಿಯಸ್ ಎಂಜಿನ್. ಯುದ್ಧವಿಮಾನಗಳಾದ ನ್ಯಾಟ್‌ಗೆ ಒಂದು, ಮಾರುತ್‌ಗೆ ಎರಡು, ಆಮೇಲೆ ತರಬೇತಿ ವಿಮಾನ ಕಿರಣ್ ಮಾರ್ಕ್-2ಕ್ಕೂ ಅದೇ. ವಾಯುಪಡೆಯ ಕಸರತ್ತಿನ ತಂಡವಾದ ಸೂರ್ಯಕಿರಣ 1996ರಿಂದ ಹಾರಿಸಿದ್ದು ಈ ಕಿರಣ್ ವಿಮಾನಗಳನ್ನೇ. 2011ರ ಏರೋ ಇಂಡಿಯಾದಲ್ಲಿ ಕಿರಣ್‌ಗಳಲ್ಲಿ ಅವರು ಕೊನೆಯ ಬಾರಿ ಹಾರಿದಾಗ ನಾನು ಯಲಹಂಕದಲ್ಲಿ ಸ್ನೇಹಿತರೊಬ್ಬರ ತಾರಸಿಯ ಮೇಲಿದ್ದೆ. ಒಂಬತ್ತು ವಿಮಾನಗಳು ವಜ್ರದ ಆಕಾರದಲ್ಲಿ ತಲೆಯ ಮೇಲೆ ಹೋದವು. ಅವುಗಳ ಎಂಜಿನ್ ಸದ್ದು ಒಂಬತ್ತಾಗಿ ಕೇಳಿಸುವುದಿಲ್ಲ. ಒಂದೇ ಬಟ್ಟೆಯನ್ನು ಉದ್ದಕ್ಕೆ ಹರಿದ ಹಾಗೆ ಕೇಳಿಸುತ್ತದೆ. ನಾನು ಎಷ್ಟೋ ಬಾರಿ ಬಿಚ್ಚಿ ಜೋಡಿಸಿದ ಯಂತ್ರ ಅದು. ನನಗೆ ಅಳು ಬಂತು ಎಂದು ಹೇಳಿಕೊಳ್ಳಲು ಸಂಕೋಚವಿಲ್ಲ.

ಈಗ ಆ ತಂಡ ಹಾರಿಸುವುದು ಹಾಕ್ ವಿಮಾನಗಳನ್ನು. ಅವುಗಳಲ್ಲಿರುವುದು ಅಡೂರ್ ಎಂಜಿನ್. ನಮ್ಮ ಎರಡು ಎಂಜಿನ್‌ಗಳ ಜಾಗ್ವಾರ್ ಯುದ್ಧವಿಮಾನಗಳಲ್ಲಿರುವುದೂ ಅಡೂರ್ ವಂಶದ್ದೇ, ಅದನ್ನೂ ಎಚ್‌ಎಎಲ್ ಬೆಂಗಳೂರಿನಲ್ಲಿ ತಯಾರಿಸಿದೆ. ನಿಮ್ಮ ತಂದೆ ಎಂಬತ್ತರ ದಶಕದಲ್ಲಿ ಅಲ್ಲಿದ್ದರೆ ಅದು ಅವರ ಕೈಗೂ ಬಂದಿರುತ್ತದೆ. ಒಂದು ಕೋರಿಕೆ: ಇದನ್ನು ಅವರಿಗೆ ಮೊದಲೇ ಹೇಳಬೇಡಿ. ಯಾವ ವಿಮಾನ ಬರುತ್ತದೆ ಎಂದು ತಿಳಿಸದೆ ಕೂರಿಸಿ.

ಇನ್ನು ಎಲ್ಲಿ ಎಂಬ ಪ್ರಶ್ನೆ. ಉದ್ಘಾಟನೆಗೆ ಮೊದಲಿನ ಕೆಲವು ದಿನ ತಾಲೀಮು ನಡೆಯುತ್ತದೆ. ವಿಮಾನಗಳು ಅವೇ, ಕಸರತ್ತುಗಳೂ ಅವೇ, ಜನ ಮಾತ್ರ ಕಡಿಮೆ. ಆ ದಿನಗಳಲ್ಲಿ ಯಲಹಂಕ ಊರಿನ ಕಡೆ, ಅಂದರೆ ರನ್‌ವೇಗೆ ದಕ್ಷಿಣದಲ್ಲಿ, ಪರಿಚಯದವರ ತಾರಸಿ ಹುಡುಕಿ. ದಕ್ಷಿಣ ಏಕೆಂದರೆ, ಅಲ್ಲಿನ ರನ್‌ವೇ ಪೂರ್ವ-ಪಶ್ಚಿಮವಾಗಿ ಚಾಚಿದೆ, ಫೆಬ್ರುವರಿಯ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ನಮ್ಮ ಕಡೆಯಿಂದ ಹೋಗುವವರು ಬಳ್ಳಾರಿ ರಸ್ತೆಯಲ್ಲಿ ಬಂದು ಉತ್ತರದಲ್ಲೇ ನಿಲ್ಲುತ್ತಾರೆ, ಇಡೀ ದಿನ ಸೂರ್ಯನನ್ನೇ ನೋಡುತ್ತಾರೆ. ನಿಮ್ಮ ತಂದೆಗೆ ಉಳಿದಿರುವುದು ಬೆಳಕು-ನೆರಳಿನ ದೃಷ್ಟಿ. ಸೂರ್ಯ ಬೆನ್ನಿಗಿದ್ದರೆ ನೀಲಿ ಆಕಾಶದ ಮೇಲೆ ಸೂರ್ಯಕಿರಣದ ಹೊಗೆಯ ಗೆರೆ ಅವರಿಗೂ ಕಂಡೀತು. ಎಂಜಿನ್ನಿನ ಬಿಸಿಗಾಳಿಗೆ ಎಣ್ಣೆ ಹಾಯಿಸಿ ಮಾಡುವ ದಟ್ಟ ಹೊಗೆ ಅದು, ಬೇಗ ಕರಗುವುದಿಲ್ಲ.

ಪಕ್ಕದಲ್ಲಿ ಕುಳಿತವರು ಗಡಿಯಾರದ ಮುಳ್ಳಿನಂತೆ ದಿಕ್ಕು ಹೇಳುತ್ತಾ ಹೋಗಿ. ಅವರ ಮೂಗಿನ ನೇರ ಹನ್ನೆರಡು ಗಂಟೆ, ಬಲಗೈ ಮೂರು ಗಂಟೆ, ಎಡಗೈ ಒಂಬತ್ತು. “ಹತ್ತು ಗಂಟೆಯಲ್ಲಿ, ಕೆಳಗೆ” ಎಂದರೆ ಸಾಕು, ಫ್ಯಾಕ್ಟರಿಯಲ್ಲಿದ್ದವರಿಗೆ ತಕ್ಷಣ ಅರ್ಥವಾಗುತ್ತದೆ. ನೀವೂ ನೋಡುವಾಗ ಸದ್ದು ಬಂದ ಕಡೆ ನೋಡಬೇಡಿ. ಮೂರು ಕಿ.ಮೀ. ದೂರದ ಸದ್ದು ನಿಮ್ಮನ್ನು ಮುಟ್ಟಲು ಒಂಬತ್ತು ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ಜೆಟ್ ಎರಡು ಕಿ.ಮೀ. ಮುಂದೆ ಹೋಗಿರುತ್ತದೆ. ಹೋಗುತ್ತಿರುವ ದಿಕ್ಕಿನಲ್ಲಿ ಮುಂದೆ ಹುಡುಕಿ.

ಶಿರಾದಿಂದ

ನಮ್ಮ ಕಡೆಗೆ ಬರಬೇಡಿ ಎಂದು ಹೇಳಲಷ್ಟೇ ಬರೆಯುತ್ತಿದ್ದೇನೆ. ಪಕ್ಕದ ಚಳ್ಳಕೆರೆಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪರೀಕ್ಷಾ ನೆಲೆ ಇರುವುದರಿಂದ ಪೈಲಟ್ ಇಲ್ಲದ ವಿಮಾನಗಳು ಹಾರುತ್ತವೆ. ದೂರದಲ್ಲಿ ಯಾರೋ ಪಂಪ್‌ಸೆಟ್ ಹಾಕಿದಂಥ ಸದ್ದು, ಅಷ್ಟೇ. ಜೆಟ್ ಕೇಳಿದ ಕಿವಿಗೆ ಅದು ಸಾಲದು.

ಗುಬ್ಬಿ ತಾಲ್ಲೂಕು, ನಿಟ್ಟೂರಿನ ಕಡೆಯಿಂದ

ಅಕ್ಕ, ಎಲ್ಲರೂ ಜೆಟ್ ಎನ್ನುತ್ತಿದ್ದಾರೆ, ನಾನು ಹೆಲಿಕಾಪ್ಟರ್ ಪರವಾಗಿ ಹೇಳುತ್ತೇನೆ. ನಮ್ಮ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಆಗಿದೆ. 2016ರಲ್ಲಿ ಶಂಕುಸ್ಥಾಪನೆ, 2023ರ ಫೆಬ್ರುವರಿ 6ರಂದು ಉದ್ಘಾಟನೆ, ಎರಡಕ್ಕೂ ಪ್ರಧಾನಿ ಬಂದಿದ್ದರು. ಉದ್ಘಾಟನೆಯ ದಿನ ನಾನು ನಮ್ಮ ತೆಂಗಿನ ತೋಟದ ಬದುವಿನ ಮೇಲೆ ನಿಂತಿದ್ದೆ. ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ಬರುವ ಮೊದಲು ಕಿವಿಗೆ ಏನೂ ಕೇಳಿಸಲಿಲ್ಲ, ಎದೆಯಲ್ಲಿ ಏನೋ ತಟ್ಟಿದ ಹಾಗಾಯಿತು. ಕೈಯಲ್ಲಿ ಹಿಡಿದಿದ್ದ ಸ್ಟೀಲ್ ಚೊಂಬಿನ ನೀರಿನ ಮೇಲೆ ಸಣ್ಣ ಸಣ್ಣ ಉಂಗುರಗಳು ಎದ್ದವು. ಆಮೇಲೆ ಸದ್ದು, ಆಮೇಲೆ ಗರಿಗಳ ಮೇಲಿನಿಂದ ಒಂದರ ಹಿಂದೆ ಒಂದರಂತೆ ಹೆಲಿಕಾಪ್ಟರ್‌ಗಳು. ಒಣಗಿದ ಗರಿಯೊಂದು ಕಳಚಿ ಬಿತ್ತು.

ಜೆಟ್ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತದೆ. ಹೆಲಿಕಾಪ್ಟರ್ ನಿಧಾನ, ಕೆಳಗೆ, ಮೈಗೆಲ್ಲ ತಿಳಿಯುವ ಹಾಗೆ ಬರುತ್ತದೆ. ನಮ್ಮಲ್ಲಿ ಯಾವ ದಿನ ಏನು ಹಾರುತ್ತದೆ ಎಂದು ಮೊದಲೇ ತಿಳಿಯುವುದಿಲ್ಲ, ಕಾರ್ಖಾನೆಯ ಬೇಲಿಯ ಹತ್ತಿರ ನಿಲ್ಲುವಂತೆಯೂ ಇಲ್ಲ. ಆದರೆ ಎರಡು ದಿನ ನಮ್ಮ ಮನೆಯಲ್ಲೇ ಉಳಿದರೆ, ಜಗುಲಿಯ ಮೇಲೆ ಕುರ್ಚಿ ಹಾಕಿಕೊಡುತ್ತೇನೆ. ಅಪ್ಪಾಜಿಗೆ ಎಳನೀರಿಗೆ ಕೊರತೆಯಾಗದು.

ತುಮಕೂರಿನಿಂದ, ಫೋಟೋ ತೆಗೆಯುವವನು

ಮೇಷ್ಟ್ರಂತೆ ವಿವರಿಸಿದ ಚಿಂತಾಮಣಿಯ ಹಿರಿಯರ ಮಾತಿಗೆ ಎರಡು ಎಚ್ಚರಿಕೆ ಸೇರಿಸುತ್ತೇನೆ. ತಾಲೀಮಿನ ದಿನ ಎಂದು ರನ್‌ವೇಯ ತುದಿಗೆ, ಗೋಡೆಯ ಹತ್ತಿರಕ್ಕೆ ಹೋಗಬೇಡಿ. 2019ರ ಫೆಬ್ರುವರಿ 19ರಂದು ತಾಲೀಮಿನಲ್ಲೇ ಸೂರ್ಯಕಿರಣದ ಎರಡು ಹಾಕ್‌ಗಳು ಡಿಕ್ಕಿಯಾಗಿ ಬಿದ್ದವು, ಒಬ್ಬ ಪೈಲಟ್ ಪ್ರಾಣ ಕಳೆದುಕೊಂಡರು. ಆ ದಿನ ನಾನು ಬಳ್ಳಾರಿ ರಸ್ತೆಯ ಬದಿಯಲ್ಲಿದ್ದೆ. ಕ್ಯಾಮೆರಾ ಕೆಳಗಿಳಿಸಿದ್ದು ನೆನಪಿದೆ, ಮನೆಗೆ ಹೇಗೆ ಬಂದೆ ಎಂಬುದು ನೆನಪಿಲ್ಲ. ಈ ನೋಟದ ಹಿಂದೆ ಅಂಥ ಬೆಲೆಯೂ ಇದೆ. ಎರಡನೆಯದು ಕಿವಿ. ಸುಖೋಯ್-30 ಯುದ್ಧವಿಮಾನ ಆಫ್ಟರ್‌ಬರ್ನರ್ (ಹೆಚ್ಚುವರಿ ಇಂಧನ ಉರಿಸಿ ಬಲ ಹೆಚ್ಚಿಸುವ ಸಾಧನ) ಹಾಕಿದರೆ ಎಳೆಯರಿಗೂ ನೋಯುತ್ತದೆ. ಕಿವಿಗೆ ಹಾಕುವ ಫೋಮ್ ಬಿರಡೆ ಔಷಧ ಅಂಗಡಿಯಲ್ಲಿ ಸಿಗುತ್ತದೆ, ತಂದೆಯವರ ಜೇಬಿನಲ್ಲಿ ಇಟ್ಟಿರಿ. ವಾಯುನೆಲೆಯ ಕಡೆಗೆ ಕ್ಯಾಮೆರಾ ತಿರುಗಿಸಬೇಡಿ, ಡ್ರೋನ್ ಅಂತೂ ಬೇಡವೇ ಬೇಡ.

ಶಿಡ್ಲಘಟ್ಟದಿಂದ, ಫೆಬ್ರುವರಿ 2025

ಎಲ್ಲರಿಗೂ ಕೈಮುಗಿಯುತ್ತೇನೆ. ಹೋಗಿ ಬಂದೆವು. ಅತ್ತಿಗೆಯ ತವರಿನವರ ಮನೆ ಯಲಹಂಕದಲ್ಲಿ ಸಿಕ್ಕಿತು, ಎರಡು ಮಹಡಿ. ಅಪ್ಪ ಮೆಟ್ಟಿಲನ್ನು ಒಂದೊಂದಾಗಿ, ಎರಡು ಕಡೆ ಕುಳಿತು, ಹತ್ತಿದರು. ಬೆಳಗ್ಗೆ ಒಂಬತ್ತಕ್ಕೇ ಉತ್ತರಕ್ಕೆ ಮುಖಮಾಡಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆ. ಏನು ಬರುತ್ತದೆ ಎಂದು ಹೇಳಲಿಲ್ಲ.

ಮೊದಲು ಬಂದದ್ದು ಎಎನ್-32. ಅಪ್ಪ ತಲೆ ಎತ್ತಲೂ ಇಲ್ಲ, “ಪ್ರೊಪೆಲರ್” ಎಂದು ಸುಮ್ಮನಾದರು. ಸುಖೋಯ್ ಎದ್ದಾಗ ಪ್ಯಾರಾಪೆಟ್ ಗೋಡೆಯ ಮೇಲೆ ಅಂಗೈ ಊರಿ ಹಾಗೇ ಇಟ್ಟುಕೊಂಡರು. ಬಿರಡೆ ಕೊಟ್ಟರೆ ಬೇಡವೆಂದರು. ನಾನು ಒತ್ತಾಯ ಮಾಡಿ ಒಂದು ಕಿವಿಗೆ ಹಾಕಿದೆ.

ಹನ್ನೊಂದರ ಮೇಲೆ ಸೂರ್ಯಕಿರಣ. ಒಂಬತ್ತೂ ಸೇರಿ ತಲೆಯ ಮೇಲೆ ಬಂದಾಗ ಅಪ್ಪ ಕಿವಿಯ ಬಿರಡೆ ಕಿತ್ತು ಕೈಯಲ್ಲಿ ಹಿಡಿದರು. “ಇದು ಅಡೂರ್. ಆದರೆ ಜಾಗ್ವಾರ್ ಅಲ್ಲ, ಒಂಟಿ ಎಂಜಿನ್” ಎಂದರು. ನನ್ನ ಗಂಡ ನನ್ನ ಮುಖ ನೋಡಿದರು. ಚಿಂತಾಮಣಿಯ ಹಿರಿಯರೇ, ಆ ಕ್ಷಣ ನೀವು ಅಲ್ಲಿರಬೇಕಿತ್ತು. ಮಗ ಗಡಿಯಾರದ ಲೆಕ್ಕದಲ್ಲಿ ಹೇಳುತ್ತಾ ಹೋದ: ಹನ್ನೊಂದು ಗಂಟೆ, ಮೇಲೆ, ಹೊಗೆ ಬಿಡುತ್ತಿದ್ದಾರೆ ತಾತ. ಅಪ್ಪ ಬಲಗಣ್ಣು ಕಿರಿದು ಮಾಡಿ, “ಬಿಳಿ ಗೆರೆ, ಹೌದು, ಇದೆ” ಎಂದರು. ನಾವೆಲ್ಲ ಆ ಗೆರೆಗಳನ್ನೇ ನೋಡುತ್ತಿದ್ದಾಗ ಅವರು ಕುರ್ಚಿಯಲ್ಲೇ ಅರ್ಧ ತಿರುಗಿ, “ಆರು ಗಂಟೆಯಲ್ಲಿ ಒಂದು ಬರುತ್ತಿದೆ, ತಿರುಗಿ” ಎಂದು ಕೂಗಿದರು. ತಿರುಗಿದೆವು. ತಂಡ ಬಿಟ್ಟು ಬೇರೆಯಾಗಿದ್ದ ಒಂಟಿ ಹಾಕ್, ನೀರಿನ ಟ್ಯಾಂಕಿನ ಹಿಂದಿನಿಂದ ಎದ್ದು ನಮ್ಮ ಮೇಲೆಯೇ ಹಾದು ಹೋಯಿತು. ಏಳು ಜನ ಕಣ್ಣಿದ್ದವರಲ್ಲಿ ಅದನ್ನು ಮೊದಲು ಕಂಡವರು ಯಾರೂ ಇಲ್ಲ.

ದಾರಿಯಲ್ಲಿ ಅಪ್ಪ ದೇವನಹಳ್ಳಿಯವರೆಗೂ ಮಾತನಾಡಲಿಲ್ಲ. ಆಮೇಲೆ ಆರ್ಫಿಯಸ್ ಎಂಜಿನ್ನಿನ ಟರ್ಬೈನ್ ಬ್ಲೇಡ್‌ಗಳನ್ನು ತೂಕ ಹೊಂದಿಸಿ ಕೂರಿಸುವುದು ಹೇಗೆ ಎಂದು ಮಗನಿಗೆ ಶಿಡ್ಲಘಟ್ಟ ತಲುಪುವವರೆಗೂ ಹೇಳಿದರು. ಅವನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾನೆ.

ನಿಟ್ಟೂರಿನ ತಂಗಿ, ಮಳೆ ಶುರುವಾಗುವ ಮೊದಲು ಬರುತ್ತೇವೆ. ಚೊಂಬಿನ ನೀರಿನ ವಿಷಯ ಓದಿ ಹೇಳಿದೆ. ಯಾವ ಹೆಲಿಕಾಪ್ಟರ್, ಎಂಜಿನ್ ಯಾವುದು ಎಂದು ಅಪ್ಪ ಎರಡು ದಿನದಿಂದ ಕೇಳುತ್ತಿದ್ದಾರೆ.