ಸಹಾಯ ಬೇಕು: ಗ್ಲಾಕ್ 17ರ ಒಳಗಿನ ಸೇಫ್ಟಿಗಳಿಗೆ ಕನ್ನಡ ಪದಗಳು

ನಮಸ್ಕಾರ. ಆಸ್ಟ್ರಿಯಾದ ಗ್ಲಾಕ್ 17 ಪಿಸ್ತೂಲಿನ ಬಗ್ಗೆ ಕನ್ನಡದಲ್ಲಿ ಲೇಖನ ಬರೆಯುತ್ತಿದ್ದೇನೆ. ಇದಕ್ಕೆ ಹ್ಯಾಮರ್ (ಸುತ್ತಿಗೆಯಂತೆ ತಿರುಗಿ ಬಡಿಯುವ ಭಾಗ) ಇಲ್ಲ, ಸ್ಟ್ರೈಕರ್ (ನೇರ ಮುಂದೆ ಚಿಮ್ಮಿ ತೋಟೆಗೆ ಬಡಿಯುವ ಮೊಳೆಯಂಥ ಭಾಗ) ಇದೆ. ಸ್ಲೈಡ್, ಅಂದರೆ ಪಿಸ್ತೂಲಿನ ಜಾರುವ ಮೇಲ್ಭಾಗ, ಹಿಂದೆ ಮುಂದೆ ಆಡಿದಾಗ ಸ್ಟ್ರೈಕರ್‌ನ ಸ್ಪ್ರಿಂಗ್ ಭಾಗಶಃ ಬಿಗಿಯಾಗುತ್ತದೆ. ಉಳಿದ ಬಿಗಿತ ಟ್ರಿಗರ್ ಎಳೆದಾಗ.

ಅಕಸ್ಮಾತ್ ಗುಂಡು ಹಾರದಂತೆ ತಡೆಯುವ ಸೇಫ್ಟಿ ಮೂರು. ಟ್ರಿಗರ್ ಮೇಲಿನ ಸಣ್ಣ ಲಿವರ್ ಒತ್ತದೆ ಟ್ರಿಗರ್ ಹಿಂದೆ ಸರಿಯುವುದಿಲ್ಲ. ಇದನ್ನು ಬರೆಯುವುದು ಸುಲಭ. ಎರಡನೆಯದು ಸ್ಟ್ರೈಕರ್‌ಗೆ ಅಡ್ಡ ನಿಲ್ಲುವ ಗುಂಡಿಯಂಥ ಪ್ಲಂಜರ್. ಟ್ರಿಗರ್ ಬಾರ್ (ಟ್ರಿಗರ್‌ಗೆ ಜೋಡಿಸಿದ ಪಟ್ಟಿ) ಅದನ್ನು ಮೇಲಕ್ಕೆ ತಳ್ಳಿದರಷ್ಟೇ ದಾರಿ ಬಿಡುತ್ತದೆ. ಮೂರನೆಯದೇ ಕಷ್ಟ. ಸ್ಟ್ರೈಕರನ್ನು ಹಿಡಿದಿಡುವ ಟ್ರಿಗರ್ ಬಾರ್‌ನ ಹಿಂತುದಿ ಒಂದು ಕಟ್ಟೆಯ ಮೇಲೆ ಕೂತಿರುತ್ತದೆ. ಹಾಗಾಗಿ ಪಿಸ್ತೂಲು ಕೆಳಗೆ ಬಿದ್ದರೂ ಸ್ಟ್ರೈಕರ್ ಕಳಚಿಕೊಳ್ಳುವುದಿಲ್ಲ.

‘ಅಗುಳಿ’, ‘ಕೊಂಡಿ’ ಇಂಥ ಪದ ಇಲ್ಲಿ ಒಪ್ಪುತ್ತವಾ? ಬಂದೂಕು ರಿಪೇರಿ ಮಾಡುವವರು, ಪೊಲೀಸ್ ಅಥವಾ ಸೇನೆಯಲ್ಲಿದ್ದವರು ಏನೆನ್ನುತ್ತೀರಿ? ಸುಮ್ನೆ ಇಂಗ್ಲಿಷ್ ಪದ ತುಂಬಲು ಮನಸ್ಸಿಲ್ಲ. ಅಡ್ಡ ಸೀಳಿ ತೋರಿಸುವ ಒಳ್ಳೆಯ ಚಿತ್ರ ಇದ್ದರೂ ದಯವಿಟ್ಟು ಕಳಿಸಿ.