‘ಮೋಡ ಬಿತ್ತನೆ’, ‘ಮಳೆ ಬರಿಸು’, ‘ಒಪ್ಪಿಗೆ’: ಈ ಮೂರು ಮಾತುಗಳ ಬಗ್ಗೆ ಕೇಳುವುದಿದೆ

ಮಧುಗಿರಿ, ಪಾವಗಡ ಕಡೆಯ ಗ್ರಾಮಸಭೆಗಳಲ್ಲಿ ಹಂಚಲು ಮೋಡ ಬಿತ್ತನೆ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ಸರ್ಕಾರ ಇಂಥ ಕೆಲಸಕ್ಕೆ ಕೈಹಾಕಿದಾಗ ರೈತರು ಏನು ಕೇಳಬಹುದು, ಯಾರನ್ನು ಕೇಳಬಹುದು ಅನ್ನುವುದು ಅದರ ವಿಷಯ. ಮೂರು ಮಾತುಗಳ ಹತ್ತಿರ ಬರವಣಿಗೆ ನಿಂತಿದೆ.

ಮೊದಲು ‘ಮೋಡ ಬಿತ್ತನೆ’. ರಾಗಿ ಬಿತ್ತನೆ, ಕಡಲೆಕಾಯಿ ಬಿತ್ತನೆ ಅಂದರೆ ರಾಗಿ, ಕಡಲೆಕಾಯಿಯೇ ಬೀಜ. ಹಾಗೆ ನೋಡಿದರೆ ಮೋಡವನ್ನೇ ಬಿತ್ತುತ್ತಾರೆ ಅಂತ ಅರ್ಥ ಬರುತ್ತದೆ. ಬರಗಾಲದ ಆಕಾಶದಲ್ಲಿ ಮೋಡ ಹುಟ್ಟಿಸುತ್ತಾರೆ ಅಂತ ಎಷ್ಟೋ ಜನ ನಂಬಿರುವುದಕ್ಕೆ ಇದೂ ಒಂದು ಕಾರಣ ಇರಬಹುದು. ನಿಜದಲ್ಲಿ ಮೋಡ ಬೀಜವಲ್ಲ, ಹೊಲ. ಮೊದಲೇ ಕಟ್ಟಿದ, ನೀರಿರುವ ಮೋಡಕ್ಕೆ ವಿಮಾನದಿಂದ ಉಪ್ಪಿನ ಪುಡಿಯನ್ನೋ ಸಿಲ್ವರ್ ಅಯೋಡೈಡ್ ಅನ್ನುವ ರಾಸಾಯನಿಕವನ್ನೋ ಬಿಡುತ್ತಾರೆ. ಮೋಡದಲ್ಲಿ ತೇವ ಸಾಲದಿದ್ದರೆ ಏನೂ ಆಗುವುದಿಲ್ಲ. 2025ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಆಗಿದ್ದು ಇದೇ. ಅದಕ್ಕೆ ‘ಮೋಡಕ್ಕೆ ಬಿತ್ತನೆ’ ಅಂತ ಬರೆಯೋಣ ಅನ್ನಿಸುತ್ತಿದೆ. ‘ಹೊಲ ಬಿತ್ತಿದ್ದೀವಿ’ ಅಂತಲೂ ಅಂತೀವಲ್ಲ ಎಂದು ಯಾರಾದರೂ ಹೇಳಬಹುದು, ಅದು ಸರಿಯೇ. ಆದರೂ ಒಂದು ‘ಕ್ಕೆ’ ಸೇರಿಸಿದರೆ ಗೊಂದಲ ಕಡಿಮೆ ಆಗಲ್ವಾ?

ಎರಡನೆಯದು ಇದಕ್ಕಿಂತ ದೊಡ್ಡದು. ನಮ್ಮ ಮಾತಿನಲ್ಲಿ ಮಳೆಗೆ ಮಾಡುವವನಿಲ್ಲ. ಮಳೆ ಬಂತು, ಮಳೆ ಹುಯ್ತು, ಮಳೆ ಕೈಕೊಡ್ತು. ಮಳೆರಾಯನನ್ನು ಮಾಡಿ ಊರೆಲ್ಲ ಹೊತ್ತು ತಿರುಗುವವರೂ ಬಾ ಅಂತ ಕರೆಯುತ್ತಾರೆ, ಬರಿಸುತ್ತೇವೆ ಅನ್ನುವುದಿಲ್ಲ. ಆದರೆ 2003ರ ‘ವರುಣ’, 2017ರ ‘ವರ್ಷಧಾರೆ’, ರಾಜ್ಯ ಸರ್ಕಾರದ ಈ ಮೋಡ ಬಿತ್ತನೆ ಯೋಜನೆಗಳ ಮಾತು ಬಂದರೆ ಮಳೆ ‘ಬರಿಸುವುದು’, ‘ಸುರಿಸುವುದು’, ‘ಕೃತಕ ಮಳೆ’ ಎಲ್ಲ ಸಲೀಸಾಗಿ ಬಂದುಬಿಡುತ್ತವೆ. ‘ಬರಿಸಿದರು’ ಅಂದ ಕೂಡಲೇ ಒಬ್ಬ ಕರ್ತೃ ಹುಟ್ಟುತ್ತಾನೆ. ಕರ್ತೃ ಇದ್ದರೆ ಹೊಣೆಯೂ ಇರಬೇಕು. ಒಣಗಲು ಹಾಕಿದ ಕಡಲೆಕಾಯಿ ನೆನೆದು ಮೊಳಕೆ ಬಂದರೆ ಯಾರನ್ನು ಕೇಳಬೇಕು?

ಕಾನೂನು ತಡವರಿಸುವುದೂ ಇಲ್ಲೇ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಸೊಲ್ಲಾಪುರದ ಸುತ್ತ ನಡೆಸಿದ ಪ್ರಯೋಗದಲ್ಲಿ ಸರಾಸರಿ ಶೇ 18ರಷ್ಟು ಮಳೆ ಜಾಸ್ತಿ ಕಂಡಿತು. ಅಂದರೆ ಬಿದ್ದ ಮಳೆಯ ಬಹುಪಾಲು ಹೇಗೂ ಬರುವುದೇ ಇತ್ತು. ನನ್ನ ಹೊಲಕ್ಕೆ ಬಿದ್ದ ಹನಿ ಯಾವ ಪಾಲಿನದು ಅಂತ ಕೋರ್ಟಿನಲ್ಲಿ ತೋರಿಸುವುದು ಹೇಗೆ? 1950ರಲ್ಲಿ ನ್ಯೂಯಾರ್ಕ್ ನಗರದ ಮೋಡ ಬಿತ್ತನೆ ನಿಲ್ಲಿಸಿ ಅಂತ ರೆಸಾರ್ಟಿನವರು ಕೇಳಿದಾಗ, ಮೋಡದ ಮೇಲೆ ನಿಮಗೆ ಹಕ್ಕಿಲ್ಲ ಅಂದಿತು ಅಲ್ಲಿನ ಕೋರ್ಟು. ಕೆಲವೇ ವರ್ಷಗಳ ನಂತರ ಟೆಕ್ಸಾಸ್‌ನಲ್ಲಿ, ಆಲಿಕಲ್ಲು ತಡೆಯುವ ಹೆಸರಲ್ಲಿ ಮೋಡ ಬಿತ್ತನೆ ಮಾಡಿ ನಮ್ಮ ಮಳೆ ಓಡಿಸುತ್ತಿದ್ದಾರೆ ಎಂದು ದೂರಿದ ಜಾನುವಾರು ಸಾಕುವವರ ಪರ ತೀರ್ಪಾಯಿತು.

ಪಾವಗಡಕ್ಕೆ ಇದು ದೂರದ ಕತೆಯಲ್ಲ. ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರವೇ. ಮುಂಗಾರಿನಲ್ಲಿ ಇಲ್ಲಿ ಬಿತ್ತಿದ ಮೋಡ ಗಾಳಿಯ ಜೊತೆ ಹೋಗಿ ಪೆನುಕೊಂಡದ ಕಡೆ ಹುಯ್ದರೆ ಅದು ಯಾರ ನೀರು? ಸಂವಿಧಾನದಲ್ಲಿ ನೀರು ರಾಜ್ಯದ ಪಟ್ಟಿಯಲ್ಲಿದೆ, ಹವಾಮಾನ ಸಂಸ್ಥೆಗಳು ಕೇಂದ್ರದ ಪಟ್ಟಿಯಲ್ಲಿವೆ. 1956ರ ಅಂತರರಾಜ್ಯ ಜಲವಿವಾದ ಕಾಯ್ದೆ ನದಿಗಳಿಗೆ, ಮೋಡಕ್ಕಲ್ಲ. ಇದರಲ್ಲಿ ಒಂದನ್ನೂ ‘ಕೃತಕ ಮಳೆ’ ಅನ್ನುವ ಪದ ಹೇಳುವುದಿಲ್ಲ. ಅದು ಸುಮ್ನೆ ಆಸೆ ಹುಟ್ಟಿಸುತ್ತದೆ. ನಾನಂತೂ ಆ ಪದ ಬಳಸುವುದಿಲ್ಲ. ‘ಇಂಥ ದಿನ ಇಂಥ ಕಡೆ ಮೋಡಕ್ಕೆ ಉಪ್ಪು ಬಿಟ್ಟರು, ಆಮೇಲೆ ಇಷ್ಟು ಮಳೆ ಬಂತು’ ಅಂತ ಎರಡು ಕ್ರಿಯೆಗಳನ್ನು ಬೇರೆ ಬೇರೆ ಇಟ್ಟು ಬರೆಯುವುದೇ ನ್ಯಾಯ. ಮೊದಲನೆಯದಕ್ಕೆ ಸರ್ಕಾರ ಖಂಡಿತ ಲೆಕ್ಕ ಕೊಡಬೇಕು.

ಕೊನೆಯದು ‘ಒಪ್ಪಿಗೆ’. ಸಂಪುಟದ ಒಪ್ಪಿಗೆ, ಹಣಕಾಸು ಇಲಾಖೆಯ ಒಪ್ಪಿಗೆ, ಹೀಗೆ ಈ ಪದ ಈಗ ಮೇಲಿನಿಂದಲೇ ಬರುತ್ತದೆ. ‘ಅನುಮತಿ’ಯೂ ಹಾಗೆಯೇ. ‘ಜನಸಮ್ಮತಿ’ ಬರೆದರೆ ಗ್ರಾಮಸಭೆಯಲ್ಲಿ ಭಾಷಣದ ಹಾಗೆ ಕೇಳುತ್ತದೆ. ವಿಮಾನ ಹಾರುವ ಮೊದಲು ಊರಿನವರಿಗೆ ತಿಳಿಸಿ, ಕಣದಲ್ಲಿ ಬೆಳೆ ಇದ್ದರೆ ಈ ವಾರ ಬೇಡ ಅನ್ನುವ ಅವಕಾಶ ಕೊಟ್ಟು, ಆಮೇಲೆ ಅವರು ‘ಆಗಲಿ’ ಅನ್ನುವುದಿದೆಯಲ್ಲ, ಅದಕ್ಕೆ ಒಂದು ಪದ ಬೇಕು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೆರೆ ನೀರು ಹಂಚುವಾಗ ಊರಿನವರೆಲ್ಲ ಕೂತು ಮಾಡಿಕೊಳ್ಳುವ ಮಾತಿಗೆ ಏನಂತಾರೆ? ನೀರುಗಂಟಿಗಳು, ಅಂದರೆ ಕೆರೆ ನೀರು ಹಂಚುವವರು, ಇರುವ ಊರಿನವರು ಯಾರಾದರೂ ಇದ್ದರೆ ಹಿರಿಯರನ್ನು ಕೇಳಿ ತಿಳಿಸಿ. ಪದದ ಜೊತೆ, ಅದು ಬರುವ ಒಂದು ಪೂರ್ತಿ ವಾಕ್ಯವನ್ನೂ ಬರೆದರೆ ಉಪಕಾರವಾಗುತ್ತದೆ.