‘ಕಮ್ಯುನಿಟಿ’ ಅನ್ನೋದಕ್ಕೆ ಸಮುದಾಯ, ಬಳಗ, ಮುಯ್ಯಿ: ಯಾವುದು ಒಗ್ಗುತ್ತೆ?

ಎಲ್ರಿಗೂ ನಮಸ್ಕಾರ. ಒಂದು ಪದಕ್ಕೆ ಸಿಕ್ಕಾಕ್ಕೊಂಡು ಮೂರು ದಿನ ಆಯ್ತು, ಬಿಡಿಸಿಕೊಡಿ.

ಸಣ್ಣ ಸಣ್ಣ ಲೈಬ್ರರಿಗಳಲ್ಲಿ ಒಬ್ಬೊಬ್ರೇ ಕೆಲಸ ಮಾಡೋರು ಆಸುಪಾಸಿನವರ ಜೊತೆ ಸೇರ್ಕೊಂಡು ಒಬ್ರಿಂದೊಬ್ರು ಕಲಿಯೋದರ ಬಗ್ಗೆ ಒಂದು ಕೈಪಿಡಿನ ಕನ್ನಡಕ್ಕೆ ತರ್ತಾ ಇದೀನಿ. ಮೊದಲನೇ ಸಾಲಲ್ಲೇ ರೀಜನಲ್ ಲೈಬ್ರರಿಯನ್ಸ್, ಪ್ರೊಫೆಷನಲ್ ಡೆವಲಪ್‌ಮೆಂಟ್, ಕಮ್ಯುನಿಟಿ ಮೂರೂ ಒಟ್ಟಿಗೆ ಬಂದು ಕೂತಿವೆ. ನಿಘಂಟು ನೋಡ್ಕೊಂಡು ಹಾಕಿದ್ರೆ ‘ಪ್ರಾದೇಶಿಕ ಗ್ರಂಥಪಾಲಕರ ವೃತ್ತಿಪರ ಅಭಿವೃದ್ಧಿ ಮತ್ತು ಸಮುದಾಯ’ ಅಂತ ಆಗುತ್ತೆ. ಗಟ್ಟಿಯಾಗಿ ಓದಿ ನೋಡಿ, ಸುತ್ತೋಲೆ ಓದಿದ ಹಾಗಿದೆ.

‘ಪ್ರಾದೇಶಿಕ’ದ ಕಥೆ ಬೇಗ ಮುಗಿಯುತ್ತೆ. ಪ್ರಾದೇಶಿಕ ಆಯುಕ್ತರು ಅನ್ನೋ ಥರ ಕೇಳಿ ಅದೊಂದು ಹುದ್ದೆ ಅನ್ಸುತ್ತೆ, ಹಾಗಾಗಿ ‘ಈ ಭಾಗದ ಗ್ರಂಥಪಾಲಕರು’ ಅಂತ ಮಾಡಿದೀನಿ. ‘ವೃತ್ತಿಪರ ಅಭಿವೃದ್ಧಿ’ ಸ್ವಲ್ಪ ಕಾಡ್ತು. ವೃತ್ತಿಪರ ಛಾಯಾಗ್ರಾಹಕ ಅಂದ್ರೆ ಅದನ್ನೇ ವೃತ್ತಿ ಮಾಡ್ಕೊಂಡಿರೋನು, ಆ ಲೆಕ್ಕದಲ್ಲಿ ವೃತ್ತಿಪರ ಅಭಿವೃದ್ಧಿ ಅಂದ್ರೆ ಅಭಿವೃದ್ಧಿನೇ ವೃತ್ತಿ ಮಾಡ್ಕೊಂಡಿದೆ ಅಂತಾಗ್ಬೇಕು! ಇನ್ನು ರಿಫ್ರೆಶರ್ ಕೋರ್ಸಿಗೆ ನಾವು ಹೇಳೋ ‘ಪುನಶ್ಚೇತನ ಶಿಬಿರ’ ಇದ್ಯಲ್ಲ, ಅದನ್ನ ಕೇಳಿದಾಗೆಲ್ಲ ಬಂದೋರೆಲ್ಲ ಪ್ರಜ್ಞೆ ತಪ್ಪಿ ಬಿದ್ದಿದ್ರೇನೋ, ಯಾರೋ ಮುಖಕ್ಕೆ ನೀರು ಚಿಮುಕಿಸ್ತಿದಾರೇನೋ ಅನ್ಸುತ್ತೆ. ನಿಜವಾಗಿ ನಡೆಯೋದು ಬೇರೆ. ಎಎಸಿಆರ್2 ಅನ್ನೋ ಹಳೇ ಕ್ಯಾಟಲಾಗ್ ನಿಯಮದಲ್ಲಿ ಪಳಗಿದೋರು, ಲೇಖಕರು ಮೂರಕ್ಕಿಂತ ಜಾಸ್ತಿ ಇದ್ರೆ ಮೊದಲನೆಯವರ ಹೆಸರು ಬರೆದು ‘ಮತ್ತಿತರರು’ ಅಂತ ಮುಗಿಸ್ತಿದ್ದೋರು, 2010ರಲ್ಲಿ ಆರ್‌ಡಿಎ ಅನ್ನೋ ಹೊಸ ನಿಯಮ ಬಂದ್ಮೇಲೆ ಎಲ್ಲ ಹೆಸರೂ ಬರೀಬಹುದು ಅಂತ ಗೊತ್ತಾಗಿ ಅಭ್ಯಾಸ ತಿದ್ದಿಕೋಬೇಕಾಯ್ತು. ಅವರ ಚೇತನ ಎಲ್ಲೂ ಹೋಗಿರ್ಲಿಲ್ಲ, ಕೈ ಮತ್ತೆ ಪಳಗಬೇಕಿತ್ತು ಅಷ್ಟೇ. ಅದಕ್ಕೇ ನಾನು ‘ಕಸುಬಿಗೆ ಸಾಣೆ’ ಅಂತ ಇಟ್ಟಿದೀನಿ. ಕಸುಬು ಅರಬ್ಬಿ ಮೂಲದ್ದು, ವೃತ್ತಿ ಸಂಸ್ಕೃತದ್ದು, ಆದ್ರೂ ಕಿವಿಗೆ ಕಸುಬೇ ಹೆಚ್ಚು ಕನ್ನಡ ಅನ್ಸುತ್ತೆ, ವಿಚಿತ್ರ.

ಈಗ ಅಸಲಿ ತಲೆನೋವು, ಕಮ್ಯುನಿಟಿ. ‘ಸಮುದಾಯ’ ಅಂದ ತಕ್ಷಣ ನಮ್ಮಲ್ಲಿ ಮುಂದಿನ ಪ್ರಶ್ನೆ ‘ಯಾವ ಸಮುದಾಯದವರು?’ ಅಂತ, ಅದಕ್ಕೆ ಗ್ರಂಥಪಾಲಕರು ಅಂತ ಯಾರೂ ಉತ್ತರ ಕೊಡಲ್ಲ. ‘ಸಂಘ’ ಅಂದ್ರೆ ಅಧ್ಯಕ್ಷರು, ಖಜಾಂಚಿ, ರಸೀದಿ ಪುಸ್ತಕ ಎಲ್ಲ ಬಂದ್ಬಿಡುತ್ತೆ. ‘ವೃಂದ’ನ ಸರ್ಕಾರಿ ನೌಕರಿಯ ವೃಂದ ಮತ್ತು ನೇಮಕಾತಿ ನಿಯಮದವರು ಆಗ್ಲೇ ತಗೊಂಡು ಹೋಗಿದಾರೆ, ‘ಕೂಟ’ ಸಂಜೆ ಹೊತ್ತಿಗೆ ಮುಗಿದುಹೋಗುತ್ತೆ. ‘ಬಳಗ’ ನನಗಿಷ್ಟ, ಆದ್ರೆ ಅದ್ರಲ್ಲಿ ನಂಟು ಇದೆ, ಕೆಲಸ ಕಾಣಲ್ಲ. ಜೀನ್ ಲೇವ್ ಮತ್ತೆ ಎಟಿಯೆನ್ ವೆಂಗರ್ ಅನ್ನೋ ಸಂಶೋಧಕರು 1991ರಲ್ಲಿ ದರ್ಜಿಗಳು, ಸೂಲಗಿತ್ತಿಯರು ಕೆಲಸ ಮಾಡ್ತಾ ಮಾಡ್ತಾನೇ ಹೇಗೆ ಕಲೀತಾರೆ ಅಂತ ನೋಡಿ ಅಂಥ ಗುಂಪನ್ನ ‘ಕಮ್ಯುನಿಟಿ ಆಫ್ ಪ್ರಾಕ್ಟೀಸ್’ ಅಂತ ಕರೆದ್ರಲ್ಲ, ಕೈಪಿಡಿ ಹೇಳ್ತಿರೋದು ಅದನ್ನೇ. ‘ಅಭ್ಯಾಸ ಸಮುದಾಯ’ ಅಂದ್ರೆ ಟ್ಯೂಷನ್ನಿಗೆ ಹೋಗೋ ಮಕ್ಕಳು ನೆನಪಾಗ್ತಾರೆ.

ಹಿಂಗೆ ಒದ್ದಾಡ್ತಿದ್ದಾಗ ಕೈಕೊಟ್ಟಿದ್ದು, ಅಂದ್ರೆ ಒಳ್ಳೇ ಅರ್ಥದಲ್ಲಿ ಕೈ ಕೊಟ್ಟಿದ್ದು, ಒಂದು ಸಾಫ್ಟ್‌ವೇರ್ ಹೆಸರು. ಲೈಬ್ರರಿಯವರಿಗೆ ‘ಕೋಹಾ’ ಗೊತ್ತಿರುತ್ತೆ, ಲೈಬ್ರರಿ ಪುಸ್ತಕಗಳ ಲೆಕ್ಕ ಇಡೋ ಸಾಫ್ಟ್‌ವೇರು. ನ್ಯೂಜಿಲೆಂಡಿನಲ್ಲಿ ಒಂದು ಲೈಬ್ರರಿ ಟ್ರಸ್ಟಿನವರು ಹಳೇ ಸಿಸ್ಟಮ್ಮು 2000ದ ತಾರೀಖಿಗೆ ಎಡವುತ್ತೆ ಅಂತ ಹೊಸದು ಮಾಡಿಸಿ, ಆ ವರ್ಷವೇ ಬಳಕೆಗೆ ತಂದು, ಅದನ್ನ ಯಾರು ಬೇಕಾದ್ರೂ ತಗೊಳ್ಳಲಿ ಅಂತ ಬಿಟ್ಕೊಟ್ರು. ಕೋಹಾ ಮಾವೋರಿ ಮಾತು, ಉಡುಗೊರೆ ಅಂತ ಅರ್ಥ, ಆದ್ರೆ ಸುಮ್ನೆ ಉಡುಗೊರೆ ಅಲ್ಲ, ತಗೊಂಡೋರು ಮುಂದೆ ಯಾವತ್ತಾದ್ರೂ ತಿರುಗಿ ಕೊಡ್ತಾರೆ ಅನ್ನೋದು ಅದರೊಳಗೇ ಇದೆ. ಓದ್ತಿದ್ದಂಗೆ ಅಯ್ಯೋ ಇದು ನಮ್ಮ ‘ಮುಯ್ಯಿ’ ಅಲ್ವಾ ಅಂತ ಹೊಳೀತು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು ಅನ್ನೋ ಮುಯ್ಯಾಳು ಇದ್ಯಲ್ಲ, ಗ್ರಂಥಪಾಲಕರು ಮಾಡ್ತಿರೋದೂ ಅದನ್ನೇ ತಾನೇ? ಒಬ್ರು ಕಾವ್ಯನಾಮದ ಲೇಖಕರನ್ನ ಕ್ಯಾಟಲಾಗಲ್ಲಿ ಎಲ್ಲಿ ಹಾಕೋದು ಅಂತ ಹೇಳಿಕೊಡ್ತಾರೆ, ಇನ್ನೊಬ್ರು ನೆಂದುಹೋದ ಪುಸ್ತಕ ಒಣಗಿಸೋದು ಹೇಗೆ ಅಂತ, ಯಾರೂ ಲೆಕ್ಕ ಬರೆದಿಡಲ್ಲ ಆದ್ರೂ ಲೆಕ್ಕ ಇರುತ್ತೆ.

ತೊಡಕು ಏನಂದ್ರೆ ‘ಮುಯ್ಯಿ ತೀರಿಸ್ಕೊಂಡ’ ಅಂದ್ರೆ ಸೇಡು. ‘ಗ್ರಂಥಪಾಲಕರ ಮುಯ್ಯಿ’ ಅಂತ ತಲೆಬರಹ ಕೊಟ್ರೆ ಪುಸ್ತಕ ವಾಪಸ್ ಕೊಡದೇ ಇರೋರ ಮೇಲೆ ಕಾರ್ಯಾಚರಣೆ ಅಂದ್ಕೊಳ್ತಾರೆ ಜನ. (‘ಎರವಲು’ ಹತ್ರಾನೂ ಇದೇ ಥರದ ಇನ್ನೊಂದು ಮಾತಿದೆ, ಎರವಲು ಪುಸ್ತಕ ಅಂದ್ರೆ ಒಳ್ಳೇದು, ಪ್ರಾಣಕ್ಕೆ ಎರವಾಯ್ತು ಅಂದ್ರೆ ಮುಗೀತು.)

ಸದ್ಯಕ್ಕೆ ಹೆಸರಿಗೆ ‘ಮುಯ್ಯಾಳು ಬಳಗ’ ಅಂತ ಬರ್ಕೊಂಡಿದೀನಿ, ‘ಆಳು’ ಇರೋದ್ರಿಂದ ಸೇಡಿನ ಅರ್ಥ ದೂರ ಹೋಗುತ್ತೆ ಅನ್ನೋ ಧೈರ್ಯದ ಮೇಲೆ. ಆದ್ರೆ ಬೇಸಾಯ ಗೊತ್ತಿಲ್ಲದೋರಿಗೆ ಇದು ಅರ್ಥ ಆಗುತ್ತಾ? ಓದಿಕೊಂಡೋರನ್ನ ‘ಆಳು’ ಅಂದ್ರೆ ಯಾರಾದ್ರೂ ಮುನಿಸ್ಕೊಂಡ್ರೆ? ನಿಮ್ಮ ಮಾತಲ್ಲಿ ಮುಯ್ಯಿ ಅಂದ ತಕ್ಷಣ ಮೊದಲು ನೆನಪಾಗೋದು ಉಡುಗೊರೆನಾ, ಆಳಾ, ಸೇಡಾ? ಲೈಬ್ರರಿಲಿ ಕೆಲಸ ಮಾಡೋರು ಯಾರಾದ್ರೂ ಇಲ್ಲಿದ್ರೆ, ನಿಮ್ಮ ಕಸುಬಿನ ಜೊತೆಗಾರರನ್ನ ನೀವು ನೀವೇ ಮಾತಾಡ್ಕೊಳ್ಳುವಾಗ ಏನಂತ ಕರೀತೀರಿ ಅನ್ನೋದನ್ನೂ ಬರೀರಿ. ‘ನಮ್ಮೋರು’ ಅಂತೀವಿ ಅಷ್ಟೇ ಅಂದ್ರೂ ಸರಿ, ಅದನ್ನೇ ಹಾಕ್ಬಿಡ್ತೀನಿ.